ಒಂದೇ ಮಾತಿನ ರಾಣಿ

ನಮ್ಮ ಹೊಳೆನರಸೀಪುರದ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಸ್ತ್ರೀಯರ ಭಾನುವಾರ ಬರುತ್ತದೆ. ಅವತ್ತು ಪ್ರಾರ್ಥನೆ ನಡೆಸುವವರು, ಪಾಠ ಓದುವವರು, ಕಾಣಿಕೆ ತಟ್ಟೆ ಹಿಡಿದು ಓಡಾಡುವವರು ಎಲ್ಲರೂ ಹೆಂಗಸರೇ. ಅಡುಗೆ ಮಾತ್ರ ಗಂಡಸರದ್ದು. ಗಂಡಸರು ಅಡುಗೆ ಮಾಡುವುದೆಂದರೆ ಹಾಸನ ರಸ್ತೆಯ ಯಾವುದೋ ಹೋಟೆಲಿಗೆ ಫೋನು ಮಾಡಿ ಬಿರಿಯಾನಿ ತರಿಸಿ, ಬಡಿಸುವಾಗ ಬೆವರು ಒರೆಸಿಕೊಳ್ಳುವುದು. ಅವರ ಶ್ರಮಕ್ಕೆ ನಾವು ಮೈಕಿನಲ್ಲಿ ವಂದನೆ ಹೇಳುತ್ತೇವೆ. ವರ್ಷದ ಮಿಕ್ಕ ದಿನಗಳಲ್ಲಿ ನಮಗೆ ಯಾರೂ ಹೇಳುವುದಿಲ್ಲ, ಆ ಮಾತು ಬೇರೆ.

ಆರಾಧನೆ ಮುಗಿದ ಮೇಲೆ ಒಂದು ಸಣ್ಣ ನಾಟಕ ಇರುತ್ತದೆ. ನಾನು ಚಿಕ್ಕವಳಿದ್ದಾಗಿನಿಂದ ಎರಡೇ ಕತೆಗಳು ತಿರುಗಿ ತಿರುಗಿ ಬರುತ್ತಿದ್ದವು. ಒಂದು ವರ್ಷ, ಗಂಡ ಸತ್ತರೂ ಅತ್ತೆಯನ್ನು ಬಿಟ್ಟುಹೋಗದೆ ಪರರ ಹೊಲದಲ್ಲಿ ತೆನೆ ಆಯ್ದ ಸೊಸೆಯ ಕತೆ. ಮಾರನೆಯ ವರ್ಷ, ಕರ್ತನು ಮನೆಗೆ ಬಂದಾಗ ತಂಗಿ ಅವನ ಪಾದದ ಬಳಿ ಕೂತು ಮಾತು ಕೇಳುವ, ಅಕ್ಕ ಒಳಗಿನಿಂದ ಗೊಣಗುವ ಕತೆ. ಗೊಣಗುವ ಅಕ್ಕನ ಪಾತ್ರಕ್ಕೆ ನಮ್ಮಲ್ಲಿ ಯಾರಿಗೂ ತಾಲೀಮು ಬೇಕಾಗುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನಾಟಕ ಬರೆಯುವ ಕೆಲಸ ನನ್ನ ತಲೆಗೆ ಬಂತು. ನಾನು ಹಾಸನದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಹಾಗಾಗಿ ಮದುವೆಯ ಕರೆಯೋಲೆ, ಶ್ರದ್ಧಾಂಜಲಿ ಬ್ಯಾನರು, ನಾಟಕ ಇವೆಲ್ಲ ನನಗೇ ಸೇರಿದ್ದೆಂದು ಸಭೆಯವರ ನಂಬಿಕೆ. ಬೆಳಗಿನ ರೈಲಿನಲ್ಲಿ ಕಾಲೇಜಿಗೆ ಹೋಗುವಾಗ ಸತ್ಯವೇದ, ಅಂದರೆ ನಮ್ಮ ಬೈಬಲ್ಲು, ತೆರೆದು ಹೊಸ ಕತೆ ಹುಡುಕತೊಡಗಿದೆ. ಒಂದು ದಿನ ಮೊಸಳೆ ಹೊಸಹಳ್ಳಿ ಸ್ಟೇಷನ್ನಿನಲ್ಲಿ ಗಾಡಿ ನಿಂತಿದ್ದಾಗ ಆ ರಾಣಿ ಸಿಕ್ಕಳು.

ಹಳೆಯ ಒಡಂಬಡಿಕೆಯಲ್ಲಿ ಅವಳದು ಒಂದು ಪುಟವನ್ನೂ ಮೀರದ ಬದುಕು. ಅವಳ ಗಂಡ ದೊಡ್ಡ ಚಕ್ರವರ್ತಿ. ತನ್ನ ಐಶ್ವರ್ಯ ತೋರಿಸಲು ತಿಂಗಳುಗಟ್ಟಲೆ ಔತಣ ಇಟ್ಟಿದ್ದಾನೆ. ಬಂಗಾರದ ಲೋಟ, ರೇಷ್ಮೆಯ ಪರದೆ ಎಲ್ಲ ತೋರಿಸಿ ಮುಗಿದ ಮೇಲೆ, ದ್ರಾಕ್ಷಾರಸ ತಲೆಗೇರಿದ ದಿನ, ರಾಣಿಗೆ ಕಿರೀಟ ಇಟ್ಟು ಕರೆತನ್ನಿ, ಅವಳೆಷ್ಟು ಚೆಲುವೆ ಎಂದು ಎಲ್ಲರೂ ನೋಡಲಿ ಎಂದು ಆಳುಗಳನ್ನು ಕಳಿಸುತ್ತಾನೆ. ರಾಣಿ ಬರುವುದಿಲ್ಲ. ಯಾಕೆಂದು ಬರೆದಿಲ್ಲ. ಆಮೇಲಿನದು ಇನ್ನೂ ಚೆನ್ನ. ರಾಜ್ಯದ ಜ್ಞಾನಿಗಳೆಲ್ಲ ಗಾಬರಿಬಿದ್ದು ಸಭೆ ಸೇರುತ್ತಾರೆ. ಈ ಸುದ್ದಿ ದೇಶದ ಹೆಂಗಸರ ಕಿವಿಗೆ ಬಿದ್ದರೆ ನಮ್ಮ ನಮ್ಮ ಮನೆಗಳ ಗತಿ ಏನು ಎಂದು ಯೋಚಿಸುತ್ತಾರೆ. ರಾಣಿಯ ಪಟ್ಟ ಕಿತ್ತುಕೊಂಡು, ಪ್ರತಿಯೊಬ್ಬ ಗಂಡಸೂ ತನ್ನ ಮನೆಗೆ ತಾನೇ ಒಡೆಯನಾಗಿರತಕ್ಕದ್ದು ಎಂದು ದೇಶದ ಎಲ್ಲ ಭಾಷೆಗಳಲ್ಲೂ ಸಾರಿಸುತ್ತಾರೆ. ಹೆಂಗಸರ ಕಿವಿಗೆ ಬೀಳಬಾರದೆಂದಿದ್ದ ಸುದ್ದಿಯನ್ನು ಅವರವರ ಭಾಷೆಯಲ್ಲೇ ತಲುಪಿಸಿದ ಜ್ಞಾನಿಗಳು!

ನಾನು ಗಾಡಿಯಲ್ಲೇ ನಕ್ಕುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, “ಏನಕ್ಕ, ಒಬ್ರೇ ನಗ್ತಾ ಇದ್ದೀರಿ?” ಎಂದು ಕೇಳಿದಳು. ಕತೆ ಹೇಳಿದೆ. ಅವಳು ಕಿಟಕಿಯಾಚೆ ನೋಡಿಕೊಂಡು, “ಸರ್ಯಾಗೇ ಮಾಡುದ್ಲು ಬುಡಿ. ಕುಡ್ದೋನ್ ಕರುದ್ರೆ ಯಾರ್ ಓಯ್ತಾರೆ?” ಎಂದಳು. ಹಾಸನ ಬರುವಷ್ಟರಲ್ಲಿ ನನ್ನ ನಾಟಕ ಮುಕ್ಕಾಲು ಸಿದ್ಧವಾಗಿತ್ತು.

ಪಾತ್ರ ಹಂಚಲು ಸಂಡೇ ಸ್ಕೂಲಿನ ಕೋಣೆಯಲ್ಲಿ ಸೇರಿದೆವು. ರಾಜ ಯಾರೆಂಬ ಪ್ರಶ್ನೆಯೇ ಇರಲಿಲ್ಲ. ನಮ್ಮಲ್ಲಿ ಬಾಗೂರು ಕಡೆಯ ಒಬ್ಬ ನರ್ಸಮ್ಮ ಇದ್ದಾರೆ. ಚನ್ನರಾಯಪಟ್ಟಣದಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಎತ್ತರದ ಆಳು, ವಾರ್ಡಿನ ಈ ತುದಿಯಿಂದ ಆ ತುದಿಗೆ ಕೇಳಿಸುವ ಗಂಟಲು. ಗಡ್ಡ ಅಂಟಿಸಿಕೊಳ್ಳುವ ಪಾತ್ರವೆಲ್ಲ ಅವರದ್ದೇ. ಜ್ಞಾನಿಗಳ ಪಾತ್ರಕ್ಕೆ ನೂಕುನುಗ್ಗಲು, ಏಕೆಂದರೆ ಮನೆಯಿಂದ ಗಂಡನ ಕೋಟು ತರಬಹುದು, ಗಂಡನ ಹಾಗೆಯೇ ಕೆಮ್ಮಬಹುದು. ರಾಣಿಯ ಪಾತ್ರ ಮಾತ್ರ ಯಾರಿಗೂ ಬೇಡ. ಅವಳಿಗೆ ಇಡೀ ನಾಟಕದಲ್ಲಿ ಇರುವುದು ಒಂದೇ ಮಾತು: “ನಾನು ಬರುವುದಿಲ್ಲ.”

“ನಂಗೇ ಕೊಟ್ಬುಡಿ, ಟೀಚ್ರಮ್ಮ,” ಎಂದು ಹಿಂದಿನ ಬೆಂಚಿನಿಂದ ಒಬ್ಬರು ಹೇಳಿದರು. “ಜಾಸ್ತಿ ಮಾತಾದ್ರೆ ನಂಗೆ ಗೆಪ್ತಿ ಇರಕಿಲ್ಲ. ತಾಲೀಮ್ಗೂ ದಿನಾ ಬರಕ್ಕಾಗಲ್ಲ, ಮನೇಲಿ ನೆಂಟ್ರು.”

ಅವರು ಅರಕಲಗೂಡಿನಿಂದ ನಮ್ಮೂರಿಗೆ ಸೊಸೆಯಾಗಿ ಬಂದವರು. ನನಗಿಂತ ಹಿರಿಯರು, ಎಲ್ಲರಂತೆ ನಾನೂ ಅಕ್ಕ ಎನ್ನುತ್ತೇನೆ. ಅವರ ಯಜಮಾನರದು ಗೊಬ್ಬರ, ಬೀಜ, ಔಷಧಿಯ ಅಂಗಡಿ. ರಾಮನಾಥಪುರದ ಕಡೆಯ ಹೊಗೆಸೊಪ್ಪಿನ ಬೆಳೆಗಾರರೆಲ್ಲ ಅವರ ಗಿರಾಕಿಗಳು. ಚರ್ಚಿನ ಕಮಿಟಿಯಲ್ಲೂ ಇದ್ದಾರೆ. ಕೆಟ್ಟ ಮನುಷ್ಯ ಅಲ್ಲವೇ ಅಲ್ಲ. ಕುಡಿಯುವುದಿಲ್ಲ, ಕೈ ಎತ್ತಿದವರಲ್ಲ. ಅವರಿಗಿದ್ದದ್ದು ಒಂದೇ ಚಟ, ಹೆಂಡತಿಯ ಹಾಡು.

ಅಕ್ಕ ಬಹಳ ಚೆನ್ನಾಗಿ ಹಾಡುತ್ತಾರೆ. ಅವರ ಕೀರ್ತನೆ ಕೇಳಿದರೆ ಪಾಸ್ಟರ ಪ್ರಸಂಗದಲ್ಲಿ ನಿದ್ದೆ ಹೋದವರೂ ಎದ್ದು ಕೂರುತ್ತಾರೆ. ಯಜಮಾನರಿಗೆ ಅದರ ಹೆಮ್ಮೆ ಹೊಟ್ಟೆ ತುಂಬಿ ಉಕ್ಕುತ್ತಿತ್ತು. ಮನೆಗೆ ಔಷಧಿ ಕಂಪನಿಯ ಏಜೆಂಟರು ಬರಲಿ, ಹೊಗೆಸೊಪ್ಪಿನ ಹರಾಜು ಮುಗಿಸಿದ ವ್ಯಾಪಾರಿಗಳು ಬರಲಿ, ಊಟದ ನಡುವೆ ಒಳಕ್ಕೆ ತಿರುಗಿ, “ಲೇ, ಬಾ ಇಲ್ಲಿ! ಒಂದ್ ಆಡೇಳು, ಸಾಹೇಬ್ರು ಕೇಳ್ಲಿ,” ಎಂದು ಕೂಗುವರು. ನಮ್ಮನ್ನೂ ಒಮ್ಮೆ ಊಟಕ್ಕೆ ಕರೆದಿದ್ದರು, ನನ್ನನ್ನೂ ಅಮ್ಮನನ್ನೂ. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಿಗೆ ಒರಗಿ ನಿಂತು ಹಾಡಿದರು. ಒಬ್ಬ ಏಜೆಂಟು ಕೋಳಿಯ ಮೂಳೆ ಚೀಪುತ್ತಿದ್ದ. ಇನ್ನೊಬ್ಬ ಮೊಬೈಲಿನಲ್ಲಿ ಯಾರಿಗೋ ರೇಟು ಹೇಳುತ್ತಿದ್ದ. ಯಜಮಾನರು ಮಾತ್ರ ಕಣ್ಣು ಮುಚ್ಚಿ ತಲೆದೂಗುತ್ತ, ನಡುನಡುವೆ ಒಂದು ಕಣ್ಣು ತೆರೆದು, ಬೇರೆಯವರೂ ತೂಗುತ್ತಿದ್ದಾರೆಯೇ ಎಂದು ನೋಡುತ್ತಿದ್ದರು. ಒಂದೇ ಚರಣಕ್ಕೆ, “ಸಾಕ್ ಬುಡು, ಸಾರ್ ತಕ್ಕಬಾ,” ಎಂದರು. ಹಾಡು ಅಲ್ಲಿಗೇ ನಿಂತಿತು.

ಅಕ್ಕನಿಗೆ ರಾಣಿ ಪಾತ್ರ ಕೊಟ್ಟಾಗ ನನಗೆ ಇದೆಲ್ಲ ಹೊಳೆದಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಯಾರೋ ಒಪ್ಪಿಕೊಂಡರಲ್ಲ ಎಂದು ನಿರಾಳವಾಯಿತು, ಅಷ್ಟೆ.

ತಾಲೀಮು ಶುರುವಾಯಿತು. ಆಳು ಬಂದು ಬಗ್ಗಿ, “ಮಹಾರಾಣಿಯವರೇ, ಚಕ್ರವರ್ತಿಗಳು ಕರೆಯುತ್ತಿದ್ದಾರೆ,” ಎಂದಳು. ಅಕ್ಕ ನೆಲ ನೋಡುತ್ತ, “ಬರಕ್ಕಾಗಲ್ಲ ಅಂತ ಏಳಪ್ಪ, ವಸಿ ತಲೆನೋವು,” ಎಂದರು.

“ತಲೆನೋವು ಇಲ್ಲ ಅಕ್ಕ, ‘ನಾನು ಬರುವುದಿಲ್ಲ’ ಅಷ್ಟೇ,” ಎಂದೆ.

ಎರಡನೆಯ ಸಲ ಒಲೆಯ ಮೇಲೆ ಹಾಲಿತ್ತು. ಅದರ ಮುಂದಿನ ಸಲ, “ಬೇಜಾರ್ ಮಾಡ್ಕಬ್ಯಾಡಿ ಅಂತ ಏಳು,” ಎಂದು ಸೇರಿಸಿದರು. ಜ್ಞಾನಿಗಳು ಹೊಟ್ಟೆ ಹಿಡಿದು ನಕ್ಕರು. ಅಕ್ಕನೂ ನಕ್ಕರು. ಆದರೆ ಮಾತು ಹೊರಡಲಿಲ್ಲ. ಎಷ್ಟೊಂದು ಕೀರ್ತನೆಗಳು ಬಾಯಿಗೆ ಬರುವ ಹೆಂಗಸಿಗೆ ಎರಡು ಪದ ಬಾರದೆ ಹೋಯಿತು.

ನರ್ಸಮ್ಮ ಗಡ್ಡ ಕೆಳಗೆಳೆದುಕೊಂಡು ಹತ್ತಿರ ಬಂದು ಕೂತರು. “ಕಾರ್ಣ ಏಳ್ಬ್ಯಾಡ ಕಣವ್ವ. ನೀನ್ ತಲೆನೋವು ಅಂದ್ರೆ ಈ ರಾಜ ಮಾತ್ರೆ ಕಳುಸ್ತಾನೆ. ಆಲ್ ಐತೆ ಅಂದ್ರೆ ಆಳುನ್ ಕಳುಸ್ತಾನೆ. ಬರಲ್ಲ ಅಂದ್ರೆ ಏನ್ ಕಳ್ಸಾನು?”

ಅಕ್ಕ ನನ್ನ ಕಡೆ ತಿರುಗಿದರು. “ಆಮೇಲೆ ಅವ್ಳು ಏನಾದ್ಲು, ಟೀಚ್ರಮ್ಮ?”

“ಬರೆದಿಲ್ಲ ಅಕ್ಕ. ಪಟ್ಟ ಹೋಯಿತು, ಬೇರೆ ರಾಣಿ ಬಂದಳು.”

“ಅದ್ ಬುಡಿ. ಉಣ್ಣಕ್ಕೆ, ಇರಕ್ಕೆ ಎಲ್ಲಾದ್ರೂ ಇತ್ತಾ ಅವ್ಳಿಗೆ?”

ಕೋಟು ಹಾಕಿಕೊಂಡಿದ್ದ ಜ್ಞಾನಿಗಳು ನಗು ನಿಲ್ಲಿಸಿದರು. ನಾನು ವರ್ಷಗಟ್ಟಲೆ ಹೆಣ್ಣಿನ ಘನತೆಯ ಮೇಲೆ ಕ್ಲಾಸಿನಲ್ಲಿ ಮಾತಾಡಿದ್ದೇನೆ. ಈ ಪ್ರಶ್ನೆ ನನಗೆ ಬಂದಿರಲಿಲ್ಲ.

ಅಷ್ಟರಲ್ಲಿ ಸುದ್ದಿ ಕಮಿಟಿಗೆ ಮುಟ್ಟಿತು. ಕಾರ್ಯದರ್ಶಿಗಳು ತುರ್ತು ಸಭೆ ಕರೆದರು. ನನ್ನನ್ನೂ ನರ್ಸಮ್ಮನನ್ನೂ ಕರೆಸಿದರು. ನಮ್ಮ ಪಾಸ್ಟರು ಮೃದು ಸ್ವಭಾವದವರು, ಜಗಳದ ವಾಸನೆ ಬಂದರೆ ನೀರು ಕುಡಿಯುತ್ತಾರೆ. ಅವತ್ತು ಅವರ ಮುಂದಿನ ಜಗ್ಗು ಬೇಗ ಖಾಲಿಯಾಗುತ್ತಿತ್ತು.

“ನೋಡಮ್ಮ,” ಎಂದರು ಕಾರ್ಯದರ್ಶಿ. “ಎಂಗ್ಸ್ರು ಭಾನ್ವಾರ ಅಂತ ಇಂಥದ್ನೆಲ್ಲಾ ತೋರ್ಸುದ್ರೆ ನಾಳೆ ಮನೆಮನೇಲೂ ಇದೇ ಸುರುವಾಯ್ತದೆ. ಎಣ್ಮಕ್ಳು ಕಲ್ತ್ಬುಡ್ತಾರೆ.”

“ಸಾ, ಅಲ್ಲಿನ ಜ್ಞಾನಿಗಳೂ ಇದನ್ನೇ ಅಂದಿದ್ದು. ಈ ಮಾತು ನಮ್ಮ ನಾಟಕದಲ್ಲೇ ಇದೆ,” ಎಂದೆ.

ಅವರಿಗೆ ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ. ರಾಣಿಯನ್ನು ಬಿಟ್ಟು ಅವಳ ನಂತರ ಬಂದ ರಾಣಿಯ ಕತೆ ಮಾಡಿ, ಅವಳು ವಿಧೇಯಳು ಎಂದರು. ಆ ರಾಣಿಯೂ ಕರೆಯದೆಯೇ ರಾಜನ ಮುಂದೆ ಹೋಗಿ ನಿಂತವಳು, ಅದಕ್ಕೂ ಮರಣದಂಡನೆ ಇತ್ತು ಎಂದು ಪಾಸ್ಟರು ಮೆಲ್ಲಗೆ ನೆನಪಿಸಿದರು. ಒಬ್ಬಳು ಕರೆದರೂ ಬರಲಿಲ್ಲ, ಇನ್ನೊಬ್ಬಳು ಕರೆಯದೆ ಬಂದಳು. ವಿಧೇಯಳು ಎಲ್ಲಿ ಸಿಗುತ್ತಾಳೆ ಎಂದು ಕಾರ್ಯದರ್ಶಿಗಳು ಪುಟ ತಿರುವತೊಡಗಿದರು.

ಆಗ ನಮ್ಮ ಪರವಾಗಿ ಎದ್ದು ನಿಂತವರು ಯಾರೆಂದರೆ ಗೊಬ್ಬರದಂಗಡಿಯ ಯಜಮಾನರು.

“ಏನ್ರೀ ಇದು! ರಾಣಿ ಪಾಲ್ಟು ನಮ್ಮನೆಯವ್ಳುದು. ಇಡೀ ಸಬೆ ಮುಂದೆ ಕಿರೀಟ ಮಡಿಕಂಡು ನಿಂತ್ಕತಾಳೆ. ಬ್ಯಾಡ ಅನ್ನಕ್ ನೀವ್ಯಾರು? ನಾಟ್ಕ ಆಗ್ಲೇಬೇಕು. ಕಿರೀಟ ನಾನೇ ತರುಸ್ತೀನಿ, ಮೈಸೂರಿಂದ.”

ಅವರು ಆ ಅಧ್ಯಾಯವನ್ನು ಓದಿರಲಿಲ್ಲ, ರಾಣಿ ಎಂಬ ಪದದಾಚೆ ಸಭೆಯ ಮಾತನ್ನೂ ಕೇಳಿಸಿಕೊಂಡಿರಲಿಲ್ಲ ಎಂಬುದು ನನಗೆ ಆ ಕ್ಷಣವೇ ತಿಳಿಯಿತು. ನರ್ಸಮ್ಮ ನನ್ನ ಕಾಲು ತುಳಿದರು. ನಾನು ಬಾಯಿ ಮುಚ್ಚಿಕೊಂಡೆ. ಸತ್ಯವೇದದಲ್ಲಿ ಇರುವುದನ್ನು ತೆಗೆಯಲು ಕಮಿಟಿಗೆ ಅಧಿಕಾರವಿಲ್ಲ ಎಂದು ಪಾಸ್ಟರು ಕೊನೆಯ ಲೋಟ ನೀರಿನೊಂದಿಗೆ ತೀರ್ಪು ಕೊಟ್ಟರು.

ನಾಟಕಕ್ಕೆ ಕೆಲವು ದಿನ ಇರುವಾಗ ಒಂದು ಬೆಳಿಗ್ಗೆ ಯಜಮಾನರು ನಮ್ಮ ಮನೆಗೆ ಬಂದರು. ರಜೆಯ ದಿನ, ನಾನು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಬಂದವರು ಕುರ್ಚಿಯಲ್ಲಿ ಕೂತು ಕಾಫಿ ಕುಡಿದರು, ಮಳೆಯ ಮಾತಾಡಿದರು, ಎದ್ದರು, ಮತ್ತೆ ಕೂತರು. ನನ್ನ ಅಮ್ಮ ಅವರನ್ನು ಹುಡುಗನಾಗಿದ್ದಾಗಿನಿಂದ ಬಲ್ಲವಳು.

“ಏನ್ಲಾ ಆಯ್ತು? ಮಕ ಯಾಕಿಂಗ್ ಮಾಡ್ಕಂಡಿದ್ದೀಯ?” ಎಂದಳು.

“ನಿನ್ನೆ ನೆಂಟ್ರು ಬಂದಿದ್ರು ಕಣಕ್ಕ, ರಾಮನಾಥಪುರದಿಂದ. ಬಾ, ಒಂದ್ ಆಡೇಳು ಅಂದೆ. ಬಾಗ್ಲಿಗ್ ಬಂದ್ಲು. ‘ನಾನು ಆಡಲ್ಲ’ ಅಂದ್ಲು. ಒಳೀಕೋದ್ಲು.”

“ಅಷ್ಟೇನಾ?”

“ಅಷ್ಟೇ. ಯಾಕೆ ಅಂತ ಒಳೀಕೋಗ್ ಕೇಳ್ದೆ. ಕಾರ್ಣ ಏನಿಲ್ಲ ಅಂದ್ಲು.”

“ಊಟಕ್ ಆಕುದ್ಲಾ?”

“ಆಕುದ್ಲು. ಮುದ್ದೆ, ಕೋಳಿಸಾರು, ಎಲ್ಲಾ ಸರ್ಯಾಗ್ ಆಕುದ್ಲು. ಅದೇ ನಂಗ್ ಬೇಜಾರು! ಜಗ್ಳ ಆಡಿದ್ರೆ ನಾನೂ ಏನಾರ ಅನ್ಬೋದಿತ್ತು.” ಆಮೇಲೆ ನನ್ನ ಕಡೆ ತಿರುಗಿ, “ಎಲ್ಲಾ ನಿಮ್ ನಾಟ್ಕದಿಂದ, ಟೀಚ್ರಮ್ಮ. ಮೊದ್ಲೇ ಏಳ್ಬಾರ್ದಿತ್ತಾ, ಆ ರಾಣಿ ಇಂಥೋಳು ಅಂತ?” ಎಂದರು.

ನನಗೆ ನಗು ಬಂತು, ಪಾಪ ಎಂದೂ ಅನ್ನಿಸಿತು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ತಮ್ಮದೇ ಮನೆಯಲ್ಲಿ ದಾರಿ ತಪ್ಪಿದವರ ಹಾಗೆ ಕಾಣುತ್ತಿದ್ದರು.

ಅಮ್ಮ ಹುರುಳಿಕಾಯಿ ಮುರಿಯುತ್ತ ಕೇಳಿದಳು, “ಅವ್ಳ್ ಆಡು ನಿಂಗ್ ಇಷ್ಟಾನಾ?”

“ಇಷ್ಟ ಅಲ್ದೆ ಮತ್ತೆ? ಅದ್ಕೇ ತಾನೆ ಎಲ್ರುಗೂ ಕೇಳ್ಸೋದು?”

“ಎಲ್ರುಗೂ ಬುಡು. ನೆಂಟ್ರು ಯಾರೂ ಇಲ್ದಾಗ, ನೀನೊಬ್ನೇ ಇರೋವಾಗ, ಒಂದ್ ಆಡೇಳು ಅಂತ ಯಾವತ್ತಾರ ಕೇಳಿದ್ದೀಯಾ?”

ಅವರು ಕಾಫಿ ಲೋಟದೊಳಗೆ ನೋಡಿದರು. ಅದು ಖಾಲಿಯಾಗಿತ್ತು. ಆದರೂ ನೋಡುತ್ತಲೇ ಇದ್ದರು. ಆಮೇಲೆ, ಅಂಗಡಿ ಬಾಗಿಲು ತೆಗೀಬೇಕು ಎಂದು ಎದ್ದುಹೋದರು.

ಅವತ್ತು ಸಂಜೆ ಅಕ್ಕ ತಾಲೀಮಿಗೆ ಬಂದರು. ನಾನು ಏನನ್ನೂ ಕೇಳಲಿಲ್ಲ. ಅವರೇ ನನ್ನನ್ನು ಪಕ್ಕಕ್ಕೆ ಕರೆದು, “ಆಡಲ್ಲ ಅಂದ್ಬುಟ್ಟೆ ಕಣಿ. ಒಳೀಕ್ ಬಂದು ಸಿಂಕ್ ಇಡ್ಕಂಡು ನಿಂತ್ಕಂಡೆ. ಕರ್ತನೇ, ಈಗೇನ್ ಗತಿ ಅಂತ,” ಎಂದರು. “ಆಮೇಲೆ ನೋಡುದ್ರೆ ಮುದ್ದೆ ತಿರುವೋ ಒತ್ತಾಗಿತ್ತು. ತಿರುವ್ದೆ.”

ಸ್ತ್ರೀಯರ ಭಾನುವಾರ ಬಂತು. ಮೈಸೂರಿನ ಕಿರೀಟವೂ ಬಂತು. ಹೇಳಿಬಿಟ್ಟಿದ್ದರಿಂದ ಯಜಮಾನರು ತರಿಸಲೇಬೇಕಾಯಿತು. ಕಮಿಟಿಯವರಾದ್ದರಿಂದ ಮುಂದಿನ ಸಾಲಿನಲ್ಲಿ ಕೂರಲೂ ಬೇಕಾಯಿತು. ನರ್ಸಮ್ಮ ಸ್ಟೀಲ್ ಲೋಟ ಎತ್ತಿ ಗರ್ಜಿಸಿದರು. ಆಳು ಅಕ್ಕನ ಬಳಿಗೆ ಓಡಿದಳು.

ಅಕ್ಕ ಎದ್ದು ನಿಂತರು. ತಲೆ ಎತ್ತಿ, ಮೆಲ್ಲಗೆ, ಯಾವ ರಾಗವೂ ಇಲ್ಲದೆ ಹೇಳಿದರು, “ನಾನು ಬರುವುದಿಲ್ಲ.”

ಮೈಕು ಸರಿಯಿರಲಿಲ್ಲ. ಆದರೂ ಕೊನೆಯ ಬೆಂಚಿನವರೆಗೆ ಕೇಳಿಸಿತು. ಕೊನೆಯ ತಾಲೀಮುಗಳಲ್ಲಿ ಅಷ್ಟು ಸಲ ಕೇಳಿದ್ದ ನರ್ಸಮ್ಮನೇ ಬೆರಗಾಗಿ ತಮ್ಮ ಮಾತು ಮರೆತರು. ಬಾಯಿ ತೆರೆದಾಗ ಗಡ್ಡದ ಅಂಟು ಒಂದು ಕಡೆ ಬಿಟ್ಟಿತು. ಜನ ನಕ್ಕರು, ಆ ನಗು ನಮಗೆಲ್ಲ ಬೇಕಾಗಿತ್ತು. ಆಮೇಲೆ ಜ್ಞಾನಿಗಳು ಬಂದರು. ಯಾವ ಕೋಟು ಯಾರದೆಂದು ಊರಿಗೆಲ್ಲ ಗೊತ್ತು. ಕಾರ್ಯದರ್ಶಿಗಳ ಕೋಟು ಹಾಕಿದ್ದ ಅವರ ಹೆಂಡತಿ, ಮನೆಮನೆಯಲ್ಲೂ ಇದೇ ಶುರುವಾಗುತ್ತದೆ ಎಂದು ಕೈ ಹೊಸಕಿಕೊಂಡಾಗ ಮಕ್ಕಳು ಬೆಂಚಿನ ಮೇಲೆ ಹತ್ತಿ ನಿಂತು ಚಪ್ಪಾಳೆ ತಟ್ಟಿದವು. ಕಾರ್ಯದರ್ಶಿಗಳು ಕೂಡ ನಕ್ಕದ್ದನ್ನು ನಾನು ನೋಡಿದೆ. ಗೊಬ್ಬರದಂಗಡಿಯ ಯಜಮಾನರು ನಗಲಿಲ್ಲ, ಎದ್ದು ಹೋಗಲೂ ಇಲ್ಲ. ಮೊಣಕಾಲ ಮೇಲೆ ಕೈಯಿಟ್ಟುಕೊಂಡು ವೇದಿಕೆಯ ಮೂಲೆಯಲ್ಲಿ ಕಿರೀಟ ತೆಗೆಯುತ್ತಿದ್ದ ಹೆಂಡತಿಯನ್ನೇ ನೋಡುತ್ತಿದ್ದರು.

ಕೊನೆಯಲ್ಲಿ ಪಾಸ್ಟರು ಎದ್ದರು. ಹೆಂಡತಿ ಗಂಡನಿಗೆ ವಿಧೇಯಳಾಗಿರಲಿ ಎಂಬ ನೀತಿ ಹೇಳಲು ಕಮಿಟಿ ಅವರಿಗೆ ಹೇಳಿಕೊಟ್ಟಿತ್ತು. ಅವರು ನೀರು ಕುಡಿದರು.

“ಈ ರಾಣಿಯನ್ನು ಸತ್ಯವೇದ ಎಲ್ಲೂ ಬೈದಿಲ್ಲ,” ಎಂದರು. “ಬೈದದ್ದು ನಮ್ಮಂಥ ಪ್ರಸಂಗ ಮಾಡುವವರು. ದೇವರು ತನ್ನ ಹೋಲಿಕೆಯಲ್ಲಿ ಉಂಟುಮಾಡಿದವರನ್ನು ಮನೆಯ ಷೋಕೇಸಿನಲ್ಲಿ ಇಡುವ ಹಕ್ಕು ನಮಗಿಲ್ಲ. ಸಮಾಧಿಯ ತೋಟದಲ್ಲಿ ಅಳುತ್ತ ನಿಂತಿದ್ದ ಹೆಂಗಸನ್ನು ನಮ್ಮ ಕರ್ತನು ಹೆಸರು ಹಿಡಿದು ಕರೆದನು. ಏಯ್, ಬಾ ಇಲ್ಲಿ ಅನ್ನಲಿಲ್ಲ.”

ಅಲ್ಲಿಗೆ ನಿಲ್ಲಿಸಿದ್ದರೆ ಅದು ಅವರ ಜೀವಮಾನದ ಪ್ರಸಂಗವಾಗುತ್ತಿತ್ತು. ಧೈರ್ಯ ಬಂದ ಖುಷಿಯಲ್ಲಿ ಅವರು ಬಾವಿಯ ಬಳಿಯ ಹೆಂಗಸಿಗೆ ಹೋದರು, ನ್ಯಾಯಾಧೀಶನನ್ನು ಕಾಡಿದ ವಿಧವೆಗೆ ಹೋದರು, ಬಿರಿಯಾನಿ ತಣ್ಣಗಾಯಿತು.

ಊಟಕ್ಕೆ ಕೂತಾಗ ನಮ್ಮ ಸಾಲಿಗೆ ಬಡಿಸಲು ಬಂದವರು ಯಜಮಾನರೇ. ನನ್ನ ಮುಖ ನೋಡದೆಯೇ ಬಡಿಸಿ ಮುಂದೆ ಹೋದರು. ಅಕ್ಕನ ಎಲೆಯ ಮುಂದೆ ನಿಂತು, ಸೌಟು ಹಿಡಿದುಕೊಂಡು, “ಆಕ್ಲಾ?” ಎಂದು ಕೇಳಿದರು.

“ವಸಿ ಆಕಿ,” ಎಂದರು ಅಕ್ಕ.

ಎಲ್ಲವೂ ಅವತ್ತೇ ಸರಿಹೋಯಿತೆಂದೇನಿಲ್ಲ. ಅಕ್ಕ ಬಹಳ ದಿನ ಚರ್ಚಿನಲ್ಲೂ ಹಾಡಲಿಲ್ಲ. ಪ್ರಸಂಗದಲ್ಲಿ ನಿದ್ದೆ ಹೋದವರು ನಿದ್ದೆಯಲ್ಲೇ ಉಳಿದರು. ನಾನು ಒಂದು ಒಳ್ಳೆಯ ದನಿಯನ್ನು ಕೆಡಿಸಿಬಿಟ್ಟೆನೇನೋ ಎಂದು ಪೇಚಾಡಿದೆ. ಅಂಗಡಿಯವರ ಮನೆಗೆ ನೆಂಟರು ಬರುವುದು ನಿಲ್ಲಲಿಲ್ಲ. ಅವರನ್ನು ರಂಜಿಸಲು ಯಜಮಾನರು ಮೈಕಿರುವ ಒಂದು ಸ್ಪೀಕರ್ ಕೊಂಡುತಂದು ತಾವೇ ಹಾಡತೊಡಗಿದರು. ಕೇಳಿದವರ ಪ್ರಕಾರ ಅದು ಹಾಡಿನ ಹಾಗೆಯೇ ಶುರುವಾಗುತ್ತದಂತೆ. ಔಷಧಿ ಕಂಪನಿಯ ಒಬ್ಬ ಏಜೆಂಟು ಈಗ ಊಟಕ್ಕೆ ಕರೆದರೆ ಹಾಸನದಲ್ಲಿ ಮೀಟಿಂಗಿದೆ ಎನ್ನುತ್ತಾನೆ. ನರ್ಸಮ್ಮ ಒಮ್ಮೆ ಅವರ ಮನೆಗೆ ಹೋದಾಗ ಒಳಗೆ ಅಕ್ಕ ಯಾವುದೋ ಕೀರ್ತನೆ ಹಾಡುತ್ತ ಪಾತ್ರೆ ಜೋಡಿಸುತ್ತಿದ್ದರಂತೆ. ಯಜಮಾನರು ಹೊರಗೆ ಮೆಟ್ಟಿಲ ಮೇಲೆ ಕೂತು, ಬಂದ ನರ್ಸಮ್ಮನಿಗೆ ಸುಮ್ಮನಿರಿ ಎಂದು ಸನ್ನೆ ಮಾಡಿದರಂತೆ.

ಹೋದ ವರ್ಷ ಹಾಸನದಲ್ಲಿ ಸುತ್ತಲಿನ ಚರ್ಚ್ ಸಭೆಗಳೆಲ್ಲ ಸೇರಿ ಒಂದು ಕೂಟ ನಡೆಸಿದವು. ನಾವೆಲ್ಲ ಒಂದೇ ಬಸ್ಸಿನಲ್ಲಿ ಹೋದೆವು. ಕೂಟ ನಡೆಸುತ್ತಿದ್ದ ಹಿರಿಯರೊಬ್ಬರು ಯಜಮಾನರ ಬಳಿ ಬಂದು, “ನಿಮ್ಮ ಮನೆಯವರು ಹಾಡ್ತಾರಂತಲ್ಲ, ಒಂದು ಹಾಡಿಸಿಬಿಡಿ,” ಎಂದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಯಜಮಾನರ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಹಾಗೆಯೇ ಮುಚ್ಚಿತು. “ಅವ್ರುನ್ನೇ ಕೇಳಿ ಸಾ,” ಎಂದರು.

ಕೇಳಿದರು. ಅಕ್ಕ ಯೋಚಿಸಿ, “ಈಗ ಬ್ಯಾಡಿ. ಊಟ ಆಗ್ಲಿ,” ಎಂದರು.

ಊಟವಾದ ಮೇಲೆ ಎಲ್ಲರೂ ಅದನ್ನು ಮರೆತು ಕುರ್ಚಿ ಎತ್ತಿಡುತ್ತಿದ್ದರು. ಅಕ್ಕ ತಮ್ಮ ಬ್ಯಾಗನ್ನು ಯಜಮಾನರ ಕೈಗೆ ಕೊಟ್ಟು, ತಾವೇ ವೇದಿಕೆ ಹತ್ತಿ, ಮೈಕು ಬದಿಗಿಟ್ಟು ಶುರುಮಾಡಿದರು. ಎಲ್ಲ ಚರಣಗಳನ್ನೂ ಹಾಡಿದರು, ಸಾಮಾನ್ಯವಾಗಿ ಎಲ್ಲರೂ ಬಿಟ್ಟುಬಿಡುವ ನಡುವಿನ ಚರಣವನ್ನೂ. ಕುರ್ಚಿ ಎತ್ತುತ್ತಿದ್ದವರು ಕುರ್ಚಿ ಹಿಡಿದೇ ನಿಂತರು.

“ಯಾರ್ರೀ ಅವರು?” ಎಂದು ಪಕ್ಕದವರೊಬ್ಬರು ಯಜಮಾನರನ್ನು ಕೇಳಿದರು.

ಹೆಂಗಸರ ಬ್ಯಾಗನ್ನು ಎದೆಗೊತ್ತಿಕೊಂಡು ನಿಂತಿದ್ದ ಆ ಮನುಷ್ಯ ತಡೆಯುವಷ್ಟು ತಡೆದರು. ಆಮೇಲೆ ಆಗಲಿಲ್ಲ. “ನಮ್ಮನೆಯವ್ರು,” ಎಂದುಬಿಟ್ಟರು. ಎಂದವರು ನನ್ನ ಕಡೆ ಒಮ್ಮೆ ನೋಡಿ, ಗಡಿಬಿಡಿಯಿಂದ ಸೇರಿಸಿದರು, “ಅವ್ರೇ ಇಷ್ಟಪಟ್ಟು ಆಡ್ತಾವ್ರೆ. ನಾನೇನೂ ಏಳಿಲ್ಲ.”